ಮರೆಯ ಹಿಂದೆ ಉರುಳಿದ್ದು

ರಟ್ಟಿನ ಮರೆ ನಡುವಿನ ಮಡಿಕೆಯಲ್ಲಿ ಸವೆದುಹೋಗಿತ್ತು. ಯಾರಾದರೂ ಜೋರಾಗಿ ಉಸಿರುಬಿಟ್ಟರೂ ಸಾಕು, ಮುದುಕನ ಹಾಗೆ ಮುಂದಕ್ಕೆ ಬಾಗುತ್ತಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಮಾಡುವಂತೆ ಅವನು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಅದರ ಬುಡಕ್ಕೆ ಸಿಕ್ಕಿಸಿ, ಊಟದ ಮೇಜಿನ ತನ್ನ ತುದಿಯಲ್ಲಿ ನಿಲ್ಲಿಸಿ, ಬೆರಳಿನಿಂದ ಒಮ್ಮೆ ತಳ್ಳಿ ನೋಡಿದ. ನಿಂತಿತು. ಮರೆಯ ಆಚೆ ಮೂವರ ಕೈಗಳು, ಪೆನ್ಸಿಲ್ಲುಗಳು, ಅವರವರ ಪಾತ್ರದ ಹಾಳೆಗಳು. ಈಚೆ ಅವನೊಬ್ಬನೇ: ತಾನೇ ಬರೆದ ಸುರಂಗದ ನಕ್ಷೆ, ಇಪ್ಪತ್ತು ಮುಖದ ದಾಳ, ಸುರುಳಿ ತಂತಿ ಹಾಕಿಸಿದ ಜೆರಾಕ್ಸ್ ನಿಯಮಪುಸ್ತಕ. ವಾರವಿಡೀ ಅವನು ಕಾಯುತ್ತಿದ್ದುದು ಈ ಗೇಣೆತ್ತರದ ರಟ್ಟಿಗಾಗಿ. ಇವತ್ತು ಮಾತ್ರ ಅದನ್ನು ಬಿಚ್ಚುವಾಗ ಬೆರಳು ಬೆವರಿದ್ದವು. ಮೇಲಿನ ಮನೆಯಲ್ಲಿ ಯಾರೋ ಗೋಡೆ ಕೊರೆಯುತ್ತಿದ್ದರು. ಕೊರೆತ ನಿಂತಾಗಲೆಲ್ಲ ಕೋಣೆ ತನ್ನನ್ನೇ ನೋಡುತ್ತಿದೆ ಎನ್ನಿಸುತ್ತಿತ್ತು.

ಆಟವೇನೋ ಸರಳ. ಸೂತ್ರಧಾರ ಕತೆ ಹೇಳುತ್ತಾ ಹೋಗುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ, ಹೀಗೂ ಆಗಬಹುದು ಹಾಗೂ ಆಗಬಹುದು ಎಂಬ ಜಾಗದಲ್ಲಿ ದಾಳ ಉರುಳುತ್ತದೆ, ಪುಸ್ತಕದಲ್ಲಿ ಬರೆದಂತೆ ಆಗುತ್ತದೆ. ಸೂತ್ರಧಾರ ಅವನು. ಬೀಗ ಒಡೆಯುವ ಕಳ್ಳಿ ಅವನ ಹೆಂಡತಿ. ದಿನವೂ ಬ್ಯಾಂಕಿನ ಗಾಜಿನ ಹಿಂದೆ ಕೂತು ಜನರಿಗೆ ಸಹಿ ಎಲ್ಲಿ ಹಾಕಬೇಕೆಂದು ತೋರಿಸುವವಳು ಭಾನುವಾರ ಬಂದರೆ ಕೈ ಉಜ್ಜಿಕೊಂಡು ಕದಿಯಲು ಕೂರುತ್ತಾಳೆ. ಮಾಂತ್ರಿಕನ ಪಾತ್ರ ಎದುರು ಮನೆಯ ಗಡಿಯಾರ ರಿಪೇರಿಯವನದು. ನಿಯಮಪುಸ್ತಕವನ್ನು ಕಂಠಪಾಠ ಮಾಡಿ ಪುಟ ಸಮೇತ ವಾದಿಸುವುದರಿಂದ ಎಲ್ಲರ ಬಾಯಲ್ಲೂ ವಕೀಲ. ಹೆಂಡತಿಯ ತಮ್ಮ ದೀಪದವನು. ಕತ್ತಲಲ್ಲಿ ಎಲ್ಲರಿಗಿಂತ ಮುಂದೆ ಹೋಗುವವನು ಅವನೇ. ಹಿಂದಿನ ಇಬ್ಬರು ಅವನ ಸೊಂಟದ ಹಗ್ಗಕ್ಕೆ ತಮ್ಮನ್ನು ಕಟ್ಟಿಕೊಂಡು ಬರುತ್ತಾರೆ.

ಭಾಮೈದ ಇವತ್ತು ನಾಳೆಯ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ. ಬೂದು ಬಣ್ಣದ್ದು, ಜೇಬಿನ ಮೇಲೆ ಶಾಲೆಯ ಮುದ್ರೆ, ಮಡಿಕೆಯ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ನಾಳೆ ಬೆಳಗ್ಗೆಯಿಂದ ಅವನು ಶಾಲೆಯ ವ್ಯಾನು ಓಡಿಸುವವನು.

"ಇಸ್ತ್ರಿ ಮಾಡದೆ ಹಾಕ್ಕೊಂಡಿದ್ಯಲ್ಲೋ ಕೋತಿ," ಎಂದಳು ಅಕ್ಕ.

"ತಡೀಲಿಕ್ಕಾಗ್ಲಿಲ್ಲ ಅಕ್ಕ. ಕನ್ನಡಿ ಮುಂದೆ ನಿಂತು ಒಂದ್ಸಲ ಹಾರ್ನೂ ಹೊಡೆದೆ, ಬಾಯಲ್ಲಿ." ಅವನು ವಕೀಲನ ಕಡೆ ತಿರುಗಿದ. "ವಕೀಲ್ರೇ, ನಿಮಗೆ ಆ ಅಜ್ಜನ ವಿಷಯ ಪೂರ್ತಿ ಹೇಳ್ಲಿಲ್ಲ ಅಲ್ವಾ?"

"ಗುರುವಾರ ಹೇಳಿದೆ. ನಿನ್ನೆ ಮೆಟ್ಟಿಲ ಮೇಲೆ ಹೇಳಿದೆ."

"ಪೂರ್ತಿ ಹೇಳ್ಲಿಲ್ಲ. ಲೈಸೆನ್ಸ್ ಟೆಸ್ಟಲ್ಲಿ ನಾನು ಎಡಕ್ಕೆ ತಿರುಗಿಸ್ತಿದ್ದೀನಿ. ಅಜ್ಜ ಭೂಮಿಯಿಂದ ಎದ್ದ ಹಾಗೆ ಬಂದ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕೋಲು. ಬೇರೆಯವರಾಗಿದ್ರೆ ಅಜ್ಜನ ಕತೆ ಅಷ್ಟೇ. ನಾನು ಗಪ್ ಅಂತ ಹಿಡಿದೆ. ಬೇಕಾದ್ರೆ ಭಾವನ್ನೇ ಕೇಳಿ, ಪಕ್ಕದಲ್ಲೇ ಕೂತಿದ್ರು."

"ಗುರುವಾರ ಬರೀ ಚೀಲ ಇತ್ತು," ಎಂದ ವಕೀಲ, ಪೆನ್ಸಿಲ್ಲಿನ ಮೊನೆ ನೋಡುತ್ತಾ. "ಇವತ್ತು ಕೋಲೂ ಬಂತು. ಮುಂದಿನ ವಾರ ಕುದುರೆ ಮೇಲೆ ಬರ್ತಾನೆ ಅಜ್ಜ."

ಹೆಂಡತಿ ನಕ್ಕಳು. "ಇವನು ಚಿಕ್ಕಂದಿನಿಂದ ಹಾಗೇ. ಮರದಿಂದ ಬಿದ್ದು ಎದ್ದು ಬಂದು, ‘ಇಳಿದೆ ಅಮ್ಮಾ’ ಅಂತಿದ್ದ."

ಅವನೂ ನಗಬೇಕಾಗಿತ್ತು, ನಕ್ಕ. ಮರೆಯ ಹಿಂದೆ ಕೂತವನ ನಗು ಹೊರಗಿನವರಿಗೆ ಗಂಟಲಿನಿಂದ ಮೇಲಷ್ಟೇ ಕಾಣುತ್ತದೆ ಎಂಬುದು ಈಗ ಉಪಕಾರಕ್ಕೆ ಬಂತು. ಅಜ್ಜನ ಕೈಯಲ್ಲಿ ಕೋಲಿರಲಿಲ್ಲ. ಚೀಲವಿತ್ತು, ಅದರ ಒಂದು ಹಿಡಿಕೆ ಹರಿದಿತ್ತು, ಅವನು ಚೀಲವನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಕಳಚುತ್ತಿದ್ದ ಚಪ್ಪಲಿಯನ್ನು ನೋಡಿಕೊಂಡು, ಫುಟ್‌ಪಾತಿನಿಂದ ಕೆಳಗಿಳಿದಿದ್ದ. ಎಲ್ಲಿಂದಲೂ ಎದ್ದು ಬಂದಿರಲಿಲ್ಲ. ಮೂಲೆಯ ಕಂಬದ ಹತ್ತಿರ ಅವನು ಆಗಿನಿಂದಲೂ ನಿಂತಿದ್ದ. ಅವನನ್ನು ಕಾಣದಿರುವುದು ಕಾಣುವುದಕ್ಕಿಂತ ಕಷ್ಟವಾಗಿತ್ತು. ಭಾಮೈದ ಬಲಗಡೆಯ ಕನ್ನಡಿಯಲ್ಲಿ ಒಂದು ಹಾಲಿನ ಗಾಡಿಯನ್ನು ನೋಡುತ್ತಲೇ ಇದ್ದ, ಸ್ಟೇರಿಂಗು ಎಡಕ್ಕೆ ತಿರುಗುತ್ತಲೇ ಇತ್ತು. ಪರೀಕ್ಷೆಯ ವ್ಯಾನಿನಲ್ಲಿ ಪರೀಕ್ಷಕನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಆವತ್ತು ಪರೀಕ್ಷಕನಾಗಿ ಕೂತಿದ್ದ ಭಾವನ ಪಾದ ಅದನ್ನು ಒತ್ತಿತ್ತು. ತಟ್ಟನೆ ಅಲ್ಲ, ಹಾಗೆ ಒತ್ತಿದ್ದರೆ ಭಾಮೈದನ ಹಣೆ ಮುಂದಕ್ಕೆ ಜಗ್ಗಿ ಯಾರು ಒತ್ತಿದರೆಂದು ತಿಳಿಯುತ್ತಿತ್ತು. ಮೆತ್ತಗೆ, ಮಲಗಿದವನಿಗೆ ಹೊದಿಕೆ ಎಳೆದ ಹಾಗೆ. ವ್ಯಾನು ನಿಂತಿತು. ಎದುರಿಗೆ ಅಜ್ಜ. ಭಾಮೈದನ ಕಾಲೂ ಆಮೇಲೆ ಬ್ರೇಕಿಗೆ ಹೋಯಿತು, ನಿಂತ ವ್ಯಾನನ್ನು ಇನ್ನಷ್ಟು ನಿಲ್ಲಿಸಲು. "ನೋಡಿದ್ರಾ ಭಾವ?" ಎಂದಿದ್ದ, ಮುಖವೆಲ್ಲ ಬೆಳಕಾಗಿ. "ಹೇಗೆ ಹಿಡಿದೆ!"

ಪರೀಕ್ಷಕನ ಪಾದ ಬ್ರೇಕಿಗೆ ತಗಲಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು: ಕಚೇರಿಯ ನಿಯಮ. ಆಟದ ಪುಸ್ತಕಕ್ಕಿರುವಂತೆ ವಿನಾಯಿತಿ ಕೊಡುವ ಕೊನೆಯ ಪುಟ ಅದಕ್ಕಿಲ್ಲ, ಆದರೆ-ಗೀದರೆ ಇಲ್ಲ. ಹಾಗೆ ನೋಡಿದರೆ ಸಂಬಂಧಿಕರನ್ನು ಪರೀಕ್ಷಿಸಕೂಡದು ಎಂಬುದೂ ನಿಯಮವೇ. ಆವತ್ತು ಇನ್ನೊಬ್ಬ ಪರೀಕ್ಷಕನಿಗೆ ಜ್ವರ, ಶಾಲೆಯ ವ್ಯಾನಿನ ಮಾಲೀಕ ಸೋಮವಾರದಾಚೆ ಕಾಯುವವನಲ್ಲ, ಅಕ್ಕನ ಗಂಡ ಯಾರು ತಂಗಿಯ ಗಂಡ ಯಾರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೆಂಡತಿ ಒಂದು ಮಾತು ಹೇಳಿರಲಿಲ್ಲ. ಬೆಳಗ್ಗೆ ಊಟದ ಡಬ್ಬಿ ಕೊಡುವಾಗಲೂ ಮಾಮೂಲಿನಂತೆ, "ಮುಚ್ಚಳ ಸಡಿಲ ಇದೆ, ಓರೆ ಮಾಡ್ಬೇಡಿ," ಎಂದಷ್ಟೇ ಹೇಳಿದ್ದಳು. ಅವಳು ಕೇಳಿಕೊಂಡಿದ್ದರೆ ಅವನು ಖಂಡಿತ ಫೇಲು ಮಾಡುತ್ತಿದ್ದ. ತನ್ನ ಬಗ್ಗೆ ಅಷ್ಟು ಅವನಿಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ. ಅದಕ್ಕೇ ಪಾಸು ಕೊಟ್ಟ. ಯಾರಿಗೂ ತಿಳಿಯದ ಹಾಗೆ ಕೊಡುವುದರಲ್ಲಿ ಒಂದು ರುಚಿಯಿತ್ತು, ಆ ರುಚಿ ಅವನಿಗೆ ಮೊದಲೇ ಪರಿಚಯವಿತ್ತು.

ಪರೀಕ್ಷೆಯ ಮೈದಾನದಲ್ಲಿ ಅವನನ್ನು ಬೆನ್ನ ಹಿಂದೆ ಗೆರೆ ಸಾಹೇಬ ಎನ್ನುತ್ತಿದ್ದರು. ಬಿಳಿ ಗೆರೆಗೆ ಚಕ್ರ ಮುಟ್ಟಿದರೆ ಮುಟ್ಟಿತು. ಮಳೆ ಬಂದಿತ್ತು, ಗೆರೆ ಮಾಸಿತ್ತು, ಮಗುವಿಗೆ ಮೈ ಸರಿಯಿಲ್ಲದೆ ನಿದ್ದೆಗೆಟ್ಟಿದ್ದೆ, ಯಾವುದೂ ನಡೆಯುತ್ತಿರಲಿಲ್ಲ. ಒಬ್ಬ ಹುಡುಗಿ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತಾಗ ಅವನು ವೈಪರಿನ ರಬ್ಬರು ಹರಿದಿರುವುದನ್ನು ನೋಡುತ್ತಾ ಕೂತಿದ್ದ. ಅದು ಕಲ್ಲು ಮನಸ್ಸೇನಲ್ಲ. ಬರೆದಿಟ್ಟದ್ದರ ಹಿಂದೆ ನಿಂತರೆ ತನ್ನ ಮನಸ್ಸು ಮೆತ್ತಗೋ ಗಟ್ಟಿಯೋ ಎಂದು ಯಾರಿಗೂ, ತನಗೂ, ಲೆಕ್ಕ ಕೊಡಬೇಕಾಗಿರಲಿಲ್ಲ. ಮಂಗಳವಾರ ಭಾಮೈದ ಇಳಿದುಹೋದ ಮೇಲೆ ಬಂದವನು ಪಾರ್ಸೆಲು ಹಂಚುವ ಒಬ್ಬ ಆಸಾಮಿ, ನಡುವಯಸ್ಸು, ಕುತ್ತಿಗೆಗೆ ಕರವಸ್ತ್ರ. ಎಲ್ಲ ಸರಿಯಾಗಿ ಓಡಿಸಿ ಕೊನೆಗೆ ಹಿಂದಕ್ಕೆ ತೆಗೆಯುವಾಗ ಅರ್ಧ ಚಕ್ರ ಗೆರೆಯ ಮೇಲೆ ಇಟ್ಟ. ಅವನನ್ನು ಫೇಲು ಮಾಡಿದ್ದಾಯಿತು. ಆಸಾಮಿ ಕೆಳಗಿಳಿದು, ಬಗ್ಗಿ ಗೆರೆಯನ್ನು ನೋಡಿ, "ಹೌದು ಸಾರ್, ಮುಟ್ಟಿದೆ. ನಿಯಮ ಅಂದ್ಮೇಲೆ ನಿಯಮ," ಎಂದ. ಆಮೇಲೆ, ಥ್ಯಾಂಕ್ಸ್ ಎಂದ. ಅವನು ಬೈದಿದ್ದರೆ, ಉಗಿದಿದ್ದರೆ, ಆವತ್ತಿನ ಊಟ ಗಂಟಲಲ್ಲಿ ಇಳಿಯುತ್ತಿತ್ತು.

"ಸೂತ್ರಧಾರರೇ," ಎಂದ ವಕೀಲ. "ಸುರಂಗದ ಬಾಯಲ್ಲಿ ನಿಲ್ಸಿ ಎಲ್ಲಿಗೆ ಹೋದ್ರಿ?"

ಅವನು ನಕ್ಷೆಯ ಮೇಲೆ ಬೆರಳಿಟ್ಟು ಕತೆಗೆ ಇಳಿದ. ಸುರಂಗದ ಗೋಡೆ ಒದ್ದೆ, ದೀಪದ ಬೆಳಕು ಮಾರು ದೂರಕ್ಕೆ ನಿಂತುಹೋಗುತ್ತದೆ, ಎಲ್ಲೋ ಆಳದಲ್ಲಿ ನೀರು ತೊಟ್ಟಿಕ್ಕುತ್ತಿದೆ. ಅವನ ದನಿ ಇಂಥಲ್ಲಿ ತಾನಾಗಿ ತಗ್ಗುತ್ತಿತ್ತು, ಮೂವರ ತಲೆಗಳೂ ಹತ್ತಿರ ಬರುತ್ತಿದ್ದವು. ಮೈದಾನದಲ್ಲಿ ಯಾರೂ ಅವನ ಮಾತಿಗೆ ಹೀಗೆ ತಲೆ ಬಗ್ಗಿಸಿದವರಿಲ್ಲ. ಮುಂದೆ ಎಡಕ್ಕೆ ಒಂದು ತಿರುವು. ತಿರುವಿನ ಆಚೆ ಹಲಗೆ ಮುಚ್ಚಿದ ಹೊಂಡ. ನಕ್ಷೆ ಬರೆದದ್ದು ಹೋದ ಭಾನುವಾರ, ಮಂಗಳವಾರಕ್ಕೆ ಮೊದಲು, ಸುಮ್ಮನೆ ಕೈಗೆ ಬಂದಂತೆ. ಆಗ ಅದು ಬರೀ ಎಡ ತಿರುವು. ಈಗ ನೋಡಿದರೆ ಮೂಲೆಯಲ್ಲಿ ಒಂದು ಕಂಬ ಕೂಡ ಬರೆದಿದ್ದ.

"ನಾನು ಮುಂದೆ," ಎಂದ ಭಾಮೈದ, ಪೆನ್ಸಿಲ್ಲನ್ನು ದೀಪದಂತೆ ಎತ್ತಿ ಹಿಡಿದು. "ಹಗ್ಗ ಬಿಗಿಯಾಗಿದೆಯಾ ನೋಡ್ಕೊಳ್ಳಿ."

"ಬಿಗಿ," ಎಂದಳು ಅಕ್ಕ.

"ಬಿಗಿ. ಆದ್ರೆ ನಿಧಾನ ಹೋಗು. ನಂದು ವಯಸ್ಸಾದ ಮಾಂತ್ರಿಕ," ಎಂದ ವಕೀಲ.

ತಿರುವು ಬಂತು. ಈ ಜಾಗಕ್ಕೆ ಪುಸ್ತಕದಲ್ಲಿ ಒಂದು ನಿಯಮವಿತ್ತು, ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು, ಈ ವಾರ ಹಲ್ಲಿನ ಸಂದಿಯ ನಾರಿನಂತೆ ನಾಲಿಗೆ ಅಲ್ಲಿಗೇ ಹೋಗುತ್ತಿದ್ದದ್ದು. ಎದುರಿಗಿರುವುದು ಪಾತ್ರದ ಕಣ್ಣಿಗೆ ಬಿತ್ತೋ ಇಲ್ಲವೋ ಎಂಬ ದಾಳವನ್ನು ಸೂತ್ರಧಾರನೇ ಮರೆಯ ಹಿಂದೆ ಉರುಳಿಸತಕ್ಕದ್ದು. ಕಾಣದವನಿಗೆ ತನಗೆ ಕಾಣಲಿಲ್ಲ ಎಂಬುದೂ ತಿಳಿಯಕೂಡದು. ಹೊಡೆದಾಟದ ದಾಳವನ್ನು ಆಡುವವರೇ ಉರುಳಿಸುತ್ತಾರೆ, ಬೀಗದ ದಾಳವನ್ನು ಹೆಂಡತಿ ಅಂಗೈಯಲ್ಲಿ ಕುಲುಕಿ ಊದಿ ಉರುಳಿಸುತ್ತಾಳೆ. ನೋಟದ್ದು ಮಾತ್ರ ಅವನ ಕೈಯಲ್ಲಿ. ಬರೆದವನು ಯಾರೋ ಬಹಳ ತಿಳಿದವನು ಎಂದುಕೊಂಡಿದ್ದ ಅವನು, ಮೊದಲ ಸಲ ಓದಿದಾಗ. ಬಿದ್ದದ್ದು ನೋವಾಗುತ್ತದೆ, ಕಳೆದದ್ದು ಖಾಲಿಯಾಗುತ್ತದೆ, ಆದರೆ ಕಾಣದೇ ಹೋದದ್ದಕ್ಕೆ ಗುರುತಿಲ್ಲ. ಯಾವ ಕತ್ತಲೂ ತನ್ನೊಳಗೆ ಏನಿತ್ತೆಂದು ಆಮೇಲೆ ಬಂದು ಹೇಳುವುದಿಲ್ಲ.

ಉರುಳಿಸಿದ. ದಾಳ ನಕ್ಷೆಯ ಮೇಲೆ ಎರಡು ಸುತ್ತು ಹೊರಳಿ ನಿಂತಿತು. ಕಾಣಲು ಕನಿಷ್ಠ ಹತ್ತು ಬೇಕಾಗಿತ್ತು. ಬಿದ್ದದ್ದು ಎರಡು.

ಮರೆಯ ಮೇಲಿನಿಂದ ಭಾಮೈದನ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಮೂವತ್ತು ದಾಟಿದರೂ ಮೀಸೆ ಸರಿಯಾಗಿ ಬಾರದ ಮುಖ, ಕೈಯಿಟ್ಟ ಕೆಲಸವೆಲ್ಲ ಅರ್ಧಕ್ಕೆ ನಿಂತುಹೋದ ಮುಖ: ಫೋಟೋ ಸ್ಟುಡಿಯೋ ಮುಚ್ಚಿತು, ಮೊಬೈಲಿನಂಗಡಿಯವನು ತೆಗೆದುಹಾಕಿದ, ಮದುವೆಯ ಮಾತು ಬಂದು ಹೋಯಿತು. ಈ ಕೋಣೆಯಲ್ಲಿ ಮಾತ್ರ ಅವನಿಗೆ ಎಲ್ಲ ಮೊದಲು ಕಾಣುತ್ತಿತ್ತು. ನದಿಯ ನಡುವಿನ ಹಾವು ಕಂಡಿತ್ತು. ಬಾವಿಯ ಸಡಿಲ ಕಲ್ಲು ಕಂಡಿತ್ತು. ಹೊಂಚು ಹಾಕಿದ ತೋಳದ ಕಣ್ಣು ಹೊಳೆದದ್ದು ಕಂಡಿತ್ತು. ‘ನನ್ನ ಕಣ್ಣೇ ಕಣ್ಣು’ ಎಂದು ಅವನು ಎದೆ ತಟ್ಟಿಕೊಳ್ಳುವುದನ್ನು ನೋಡಿ ಹೆಂಡತಿ ಗಂಡನ ಕಡೆ ಒಂದು ನೋಟ ಎಸೆಯುತ್ತಿದ್ದಳು. ಅದರಲ್ಲಿ ಏನಿತ್ತೋ, ಕೃತಜ್ಞತೆ ಎಂದೇ ಅವನು ಓದಿಕೊಂಡಿದ್ದ. ಹಾವಿನ ದಾಳ ಐದು. ಕಲ್ಲಿನದು ನಾಲ್ಕು. ತೋಳದ್ದು ನೆನಪಿಲ್ಲ, ನೋಡುವ ಮೊದಲೇ ಬಾಯಿ ‘ಕಂಡಿತು’ ಎಂದಿತ್ತು. ಪುಸ್ತಕದ ಕೊನೆಯ ಪುಟದಲ್ಲಿ ಅದಕ್ಕೂ ದಾರಿಯಿತ್ತು: ಆಟ ಕೆಡುವಂತಿದ್ದರೆ ಸೂತ್ರಧಾರನು ಈ ಪುಸ್ತಕದ ಯಾವ ನಿಯಮವನ್ನಾದರೂ ಕೈಬಿಡಬಹುದು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ಅವನು ಆ ಪುಟದ ಮರೆಯಲ್ಲಿ ಕುಡಿಯುತ್ತಾ ಬಂದಿದ್ದ. ಕನಿಕರ ಎಂದು ಅದಕ್ಕೆ ಹೆಸರಿಟ್ಟಿದ್ದ. ಮಂಗಳವಾರ ಅದು ಕೈಯಿಂದ ಇಳಿದು ಕಾಲಿಗೆ ಬಂತು.

ಬಿದ್ದೆ ಎಂದು ಹೇಳಿಬಿಡು, ಎಂದುಕೊಂಡ. ಬರೀ ಹೊಂಡ. ಬರೀ ಪೆನ್ಸಿಲ್ಲಿನ ದೀಪ. ಇಲ್ಲಿ ಬಿದ್ದರೆ ಯಾರಿಗೂ ತರಚುವುದೂ ಇಲ್ಲ.

"ಕಂಡಿತು," ಎಂದ. "ತಿರುಗುವಷ್ಟರಲ್ಲಿ ದೀಪದ ಬೆಳಕು ಹಲಗೆಯ ಅಂಚಿಗೆ ಬಿತ್ತು. ಹಲಗೆಯ ಕೆಳಗೆ ಏನೂ ಇಲ್ಲ."

"ನಿಲ್ಲಿ ಎಲ್ಲಾ!" ಭಾಮೈದ ಎರಡೂ ಕೈ ಅಗಲಿಸಿದ. "ಹೊಂಡ! ಹೇಳ್ಲಿಲ್ವಾ, ನನ್ನ ಕಣ್ಣೇ—"

ಆ ಅಗಲಿಸಿದ ಕೈಗೆ, ಹೆಂಡತಿ ಆಗಷ್ಟೇ ಮೇಜಿನ ಮೇಲೆ ಚಾಚುತ್ತಿದ್ದ ಸೇಬಿನ ಹೋಳುಗಳ ತಟ್ಟೆ ತಗಲಿತು. ತಟ್ಟೆ ಮರೆಗೆ ತಗಲಿತು. ಕ್ಲಿಪ್ಪೊಂದು ಚಿಮ್ಮಿ ಹೋಯಿತು, ಮರೆ ತನ್ನ ಮಾಮೂಲಿನಂತೆ ಬಾಗಿ, ಈ ಸಲ ಯಾರೂ ಹಿಡಿಯದೆ, ಸೇಬಿನ ಮೇಲೆ ಬೋರಲು ಬಿತ್ತು. ಅವನ ಈಚೆ ಬದಿ ಪೂರ್ತಿ ಬಯಲಾಯಿತು. ನಕ್ಷೆ, ನಕ್ಷೆಯ ಮೇಲೆ ಕಂಬ, ಕಂಬದ ಪಕ್ಕದಲ್ಲಿ ದಾಳ.

"ಎರಡು," ಎಂದ ವಕೀಲ. ಗಡಿಯಾರ ನೋಡಿ ಹೊತ್ತು ಹೇಳುವವನ ದನಿಯಲ್ಲಿ.

ಅವನ ಕೈ ದಾಳದ ಮೇಲೆ ಎಗರಿತು. ಯಾಕೆ ಎಗರಿತು ಎಂದು ಆಮೇಲೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ, ಎಲ್ಲರೂ ನೋಡಿಯಾಗಿತ್ತು. ಬೆವರಿದ ಬೆರಳಿಗೆ ಸಿಕ್ಕದೆ ದಾಳ ಜಾರಿ, ಅಂಚಿನಿಂದ ಉರುಳಿ, ಮೇಜಿನ ಕೆಳಗೆ ಟಕಟಕ ಸದ್ದು ಮಾಡುತ್ತಾ ಹೋಯಿತು. "ಇರಿ ಭಾವ, ನಾನು ತೆಗೀತೀನಿ," ಎಂದು ಭಾಮೈದ ಕುರ್ಚಿಯಿಂದ ಇಳಿದು ಮೇಜಿನಡಿಗೆ ನುಸುಳಿದ.

"ಹೋಗ್ಲಿ ಬಿಡಿ," ಎಂದಳು ಹೆಂಡತಿ, ರಟ್ಟಿಗೆ ಅಂಟಿದ ಸೇಬಿನ ಹೋಳನ್ನು ಬಿಡಿಸುತ್ತಾ. "ಕೊನೆ ಪುಟದಲ್ಲಿ ಇದೆಯಲ್ಲ. ಸೂತ್ರಧಾರರು ಬೇಕಾದ್ರೆ ನಿಯಮ ಬಿಡಬಹುದು."

"ನಿಯಮ ಬಿಡಬಹುದು ಅಂತಿದೆ ತಾಯಿ. ಬಿದ್ದದ್ದನ್ನ ಬೇರೆ ಹೇಳಬಹುದು ಅಂತಿಲ್ಲ."

"ಎರಡೂ ಒಂದೇ ಅಲ್ವಾ?"

"ಅದು ಹೇಗೆ ಒಂದೇ? ‘ಇವತ್ತು ದಾಳ ಬೇಡ, ಹೊಂಡ ಕಾಣ್ತು ಅಂತ ಇಟ್ಕೊಳ್ಳೋಣ’ ಅಂದ್ರೆ ಅದು ಬಿಡೋದು. ಎಲ್ಲರಿಗೂ ಗೊತ್ತಿರುತ್ತೆ. ಉರುಳಿಸಿ, ನೋಡಿ, ಇನ್ನೊಂದು ಹೇಳೋದು..." ವಕೀಲ ಮಾತು ಹುಡುಕಿದ. ಸಿಟ್ಟಿರಲಿಲ್ಲ, ಮುಳ್ಳು ಬಾಗಿದ ಗಡಿಯಾರವನ್ನು ತಿರುಗಿಸಿ ನೋಡುವವನಂತೆ ಇತ್ತು ಮುಖ. "ಅದು ನಿಯಮ ಅಲ್ಲ, ನಮ್ಮನ್ನೇ ಬಿಟ್ಟಂಗೆ. ನಾವು ಇಲ್ಲಿ ಆಡ್ತಿದೀವಿ ಅಂದ್ಕೊಂಡು ಕೂತಿದ್ವಿ."

"ಅಯ್ಯೋ, ಅಷ್ಟಕ್ಕೆಲ್ಲ..." ಎಂದಳು ಅವಳು, ಆದರೆ ಗಂಡನ ಮುಖ ನೋಡಿ ವಾಕ್ಯವನ್ನು ಮುಗಿಸಲಿಲ್ಲ.

ಮೇಜಿನಡಿ ಸದ್ದು ನಿಂತುಹೋಗಿತ್ತು. ಅಷ್ಟು ಚಿಕ್ಕ ಜಾಗದಲ್ಲಿ ಒಂದು ದಾಳ ಹುಡುಕಲು ಇಷ್ಟು ಹೊತ್ತು ಬೇಕಾಗಿರಲಿಲ್ಲ. ಆಗ ಅವನಿಗೆ ತನ್ನ ಬಲಗಾಲಿನ ಅರಿವಾಯಿತು. ಹಿಮ್ಮಡಿ ಎತ್ತಿ, ಬೆರಳುಗಳ ಬುಡದಿಂದ ನೆಲವನ್ನು ಒತ್ತುತ್ತಿತ್ತು, ಮೀನಖಂಡ ಕಲ್ಲಾಗಿತ್ತು. ಬಸ್ಸಿನಲ್ಲಿ, ಸಿನಿಮಾದಲ್ಲಿ, ಯಾರಾದರೂ ಮೆಟ್ಟಿಲು ಓಡಿ ಇಳಿದರೆ ಕೂಡ ಆ ಕಾಲು ಹಾಗೆ ಒತ್ತುತ್ತದೆ; ‘ನಮ್ಮ ಮನೆ ನೆಲಕ್ಕೂ ಇವರು ಬ್ರೇಕ್ ಹಾಕಿಸ್ಕೊಂಡಿದ್ದಾರೆ’ ಎಂದು ಹೆಂಡತಿ ನೆಂಟರ ಮುಂದೆ ಆಡಿಕೊಳ್ಳುತ್ತಿದ್ದಳು. ದಾಳ ಉರುಳಿದಾಗಿನಿಂದ ಒತ್ತಿಕೊಂಡೇ ಇದ್ದಿರಬೇಕು. ಮೆತ್ತಗೆ, ಯಾರಿಗೂ ತಿಳಿಯದ ಹಾಗೆ. ಅವನು ಪಾದವನ್ನು ಹಿಂದಕ್ಕೆ ಎಳೆದುಕೊಂಡ, ತಡವಾಗಿ.

ಭಾಮೈದ ಮೇಲೆದ್ದು ಬಂದ. ಮೊಣಕಾಲಿನ ಧೂಳು ಝಾಡಿಸಲಿಲ್ಲ. ದಾಳವನ್ನು ಮೇಜಿನ ನಡುವೆ ಇಟ್ಟ, ಎರಡರ ಮುಖ ಮೇಲೆ ಬರುವಂತೆ ತಿರುಗಿಸಿ ಇಟ್ಟ.

"ಹಾಗಾದ್ರೆ ನಾನು ಬಿದ್ದೆ," ಎಂದ.

"ಆಟ ನಿಂತುಹೋಯ್ತಲ್ಲೋ, ಇರಲಿ ಬಿಡು," ಎಂದಳು ಅಕ್ಕ.

"ಇಲ್ಲ ಅಕ್ಕ. ಬಿದ್ದಿದ್ದು ಬಿದ್ದಿದ್ದೇ." ಅವನು ತನ್ನ ಹಾಳೆಯ ಮೇಲೆ ದೀಪದವನ ಹೆಸರಿಗೆ ಅಡ್ಡಗೆರೆ ಎಳೆದ, ಒತ್ತಿ, ಪೆನ್ಸಿಲ್ಲಿನ ಮೊನೆ ಮುರಿಯುವ ಹಾಗೆ. ಆಮೇಲೆ ಕೇಳಿದ, ಹಾಳೆಯನ್ನೇ ನೋಡುತ್ತಾ: "ಹಗ್ಗದಲ್ಲಿ ಇದ್ದವರು?"

ವಕೀಲ, ತನಗೆ ಗೊತ್ತಿರುವುದೇ ತಪ್ಪು ಎನ್ನುವಂತೆ, ಹೇಳಿದ: "ಮುಂದಿನವನು ಬಿದ್ರೆ ಕಟ್ಟಿಕೊಂಡವರೂ ಅವನ ಜೊತೆ. ಹಾಗಂತ ಇದೆ."

"ನದಿಯ ಹಾವು?"

ಭಾಮೈದನ ಪ್ರಶ್ನೆ ತನಗೆಂದು ಅವನಿಗೆ ತಿಳಿಯಿತು. "ಐದು," ಎಂದ.

"ಬಾವಿ ಕಲ್ಲು?"

"ನಾಲ್ಕು."

"ತೋಳ?"

"ನೋಡಲಿಲ್ಲ."

ಭಾಮೈದ ತಲೆಯಾಡಿಸಿದ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದಾಗ ಜಗಳವಾಡದೆ ತಲೆಯಾಡಿಸುತ್ತಾರಲ್ಲ, ಹಾಗೆ. ಕಿವಿಗಳು ಮಾತ್ರ ಕೆಂಪಾಗಿದ್ದವು. ಮೇಲಿನ ಮನೆಯ ಕೊರೆತ ಶುರುವಾಯಿತು, ಮತ್ತೆ ನಿಂತಿತು. ವಕೀಲ ಮೆಲ್ಲಗೆ ರಟ್ಟನ್ನು ಎತ್ತಿ, ಸೇಬಿನ ರಸ ಒರೆಸಿ, ಕ್ಲಿಪ್ಪು ಸಿಕ್ಕಿಸಿ, ಇದ್ದ ಜಾಗದಲ್ಲೇ ನಿಲ್ಲಿಸಿದ. ಬಟ್ಟೆ ಜಾರಿದವನಿಗೆ ಬಟ್ಟೆ ಕೊಟ್ಟ ಹಾಗೆ. ಮತ್ತೆ ಅವನ ಎದೆಯ ಮಟ್ಟಕ್ಕೆ ಮರೆ ಬಂತು. ಅದರ ಮೇಲಿನಿಂದ ಭಾಮೈದನ ಕಣ್ಣು.

"ಭಾವ, ಇನ್ನೊಂದು ಕೇಳ್ಲಾ?"

"ಕೇಳು."

"ಮಂಗಳವಾರ. ಆ ಅಜ್ಜ." ಜೇಬಿನ ಮೇಲಿನ ಮುದ್ರೆಯನ್ನು ಹೆಬ್ಬೆರಳಿನಿಂದ ಒತ್ತಿದ. "ವ್ಯಾನು ನಿಲ್ಸಿದ್ದು ನಾನಾ?"

ಹೆಂಡತಿಯ ಕೈಯಲ್ಲಿ ತಟ್ಟೆ ಅಲ್ಲೇ ನಿಂತಿತು. ಅವನು ಭಾಮೈದನ ಅಂಗಿಯ ಮಡಿಕೆಯ ಗೆರೆಗಳನ್ನು ನೋಡಿದ. ‘ನೀನೇ’ ಎಂದರೆ ಮುಗಿಯಿತು. ಐದು ದಿನದಿಂದ ಇಡೀ ಬೀದಿಗೆ ಹೇಳಿಕೊಂಡು ತಿರುಗಿದ ಕತೆ ಅವನದೇ ಆಗಿ ಉಳಿಯುತ್ತದೆ, ಕೋಲು, ಕುದುರೆ, ಎಲ್ಲ ಸಮೇತ. ನಾಳೆ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಲಗಡೆಯ ಕನ್ನಡಿ ನೋಡುತ್ತಾ, ಎಡಕ್ಕೆ ತಿರುಗಿಸುತ್ತಾನೆ. ಪಕ್ಕದ ಸೀಟಿನಲ್ಲಿ ಯಾರ ಕಾಲೂ ಇರುವುದಿಲ್ಲ. ಹಿಂದೆ ಸಣ್ಣ ಸಣ್ಣ ಚೀಲಗಳು, ನೀರಿನ ಬಾಟಲಿಗಳು, ಕಿಟಕಿಗೆ ಒತ್ತಿದ ಮೂಗುಗಳು. ತನ್ನ ಮನಸ್ಸಿನಲ್ಲಿ ಆ ಮಕ್ಕಳನ್ನು ಅವನು ವಾರವಿಡೀ ಬೆನ್ನು ಮಾಡಿ ಕೂರಿಸಿದ್ದ, ಈಗ ಮೊದಲ ಸಲ ಒಂದು ಮುಖ ತಿರುಗಿ ನೋಡಿತು. ‘ನೀನೇ’ ಎನ್ನಲು ಬಾಯಿ ಸಿದ್ಧವಾಗಿಯೇ ಇತ್ತು, ನೋಡುವ ಮೊದಲೇ ಹೇಳಿ ರೂಢಿಯಾದ ಬಾಯಿ. ಅವನು ಕ್ಲಿಪ್ಪುಗಳನ್ನು ಒಂದೊಂದಾಗಿ ಕಳಚಿದ. ಮರೆಯನ್ನು ಮಡಿಸಿ ಕುರ್ಚಿಯ ಕಾಲಿಗೆ ಒರಗಿಸಿಟ್ಟ. ಎದೆ ಬರಿದಾದಂತಾಯಿತು.

"ನಾನು," ಎಂದ. "ಒತ್ತಿದ್ದು ನಾನು. ನೀನು ಅವನನ್ನ ನೋಡ್ಲೇ ಇಲ್ಲ."

ತಟ್ಟೆ ಕೆಳಗಿಟ್ಟ ಸದ್ದು. ಹೆಂಡತಿ ತಮ್ಮನ ಪರ ಎದ್ದು ನಿಲ್ಲುತ್ತಾಳೆ, ಇದನ್ನು ಇಲ್ಲಿ ಹೇಳಬೇಕಾಗಿತ್ತಾ ಎನ್ನುತ್ತಾಳೆ, ಅವಳ ಸಿಟ್ಟಿನ ಹಿಂದೆ ತಾನು ಸ್ವಲ್ಪ ಹೊತ್ತು ನಿಲ್ಲಬಹುದು ಎಂದು ಅವನು ಕಾದ. ಅವಳು ಅವನನ್ನು ನೋಡಿದಳು, ಬ್ಯಾಂಕಿನ ಗಾಜಿನಾಚೆ ನಿಂತ ಯಾರನ್ನೋ ನೋಡಿದಂತೆ.

"ಮಕ್ಕಳಿರ್ತಾರಲ್ರೀ ಅದ್ರಲ್ಲಿ," ಎಂದಳು.

ಅಷ್ಟೇ. ಭಾಮೈದ ಎದ್ದು ಕಿಟಕಿಯ ಹತ್ತಿರ ಹೋಗಿ ಫೋನು ತೆಗೆದ. ಬೆನ್ನ ಮೇಲೂ ಅಂಗಿಯ ಮಡಿಕೆ ಅಡ್ಡಕ್ಕೆ ಬಿದ್ದಿತ್ತು. "ಸಾರ್, ನಮಸ್ಕಾರ... ಹೂಂ ಸಾರ್, ಅಂಗಿ ಸರಿಯಾಗಿದೆ. ಸಾರ್, ನಾಳೆ ಬರಕ್ಕಾಗಲ್ಲ... ಇಲ್ಲ ಇಲ್ಲ, ಹುಷಾರಾಗೇ ಇದ್ದೀನಿ. ಲೈಸೆನ್ಸು ಸರಿಯಾಗಿಲ್ಲ... ಸರಿಯಾಗಿ ಬಂದಿಲ್ಲ ಸಾರ್... ಗೊತ್ತು, ನೀವು ಮೊದಲೇ ಹೇಳಿದ್ರಿ... ಬೇರೆಯವರನ್ನ ನೋಡ್ಕೊಳ್ಳಿ. ಅಂಗಿ ತಂದುಕೊಡ್ತೀನಿ. ಒಗೆದು ಕೊಡ್ತೀನಿ." ಫೋನು ಇಟ್ಟ ಮೇಲೂ ಅಲ್ಲೇ ನಿಂತು ಕೆಳಗಿನ ರಸ್ತೆ ನೋಡಿದ. ವಕೀಲ ಪುಸ್ತಕವನ್ನು ಮುಚ್ಚಿ, ತನ್ನ ಮಾಂತ್ರಿಕನ ಹಾಳೆಯನ್ನು ಅದರೊಳಗಿಟ್ಟು, ಹೊರಡಲು ಎದ್ದು, ಹೊರಡದೆ ಮತ್ತೆ ಕೂತ.

"ನಾಳೆ ಕಚೇರಿಯಲ್ಲಿ ನಾನೇ ಹೇಳ್ತೀನಿ," ಎಂದ ಅವನು, ಆ ಬೆನ್ನಿಗೆ. "ನಡೆದದ್ದು ನಡೆದ ಹಾಗೆ. ನನಗೆ ಏನು ಆಗುತ್ತೋ ಆಗ್ಲಿ."

"ಅದು ನಿಮ್ಮ ದಾಳ ಭಾವ. ನೀವು ಉರುಳಿಸ್ಕೊಳ್ಳಿ." ದನಿಯಲ್ಲಿ ವಿಷವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಕುತ್ತಿಗೆಗೆ ಕರವಸ್ತ್ರ ಕಟ್ಟಿದ ಆ ಪಾರ್ಸೆಲಿನವನು ಬಗ್ಗಿ ಗೆರೆ ನೋಡಿದ್ದು ನೆನಪಾಯಿತು. ಅವನಿಗೆ ಕೊನೆಗೆ ತನ್ನ ಚಕ್ರ ಎಲ್ಲಿತ್ತು ಎಂದಾದರೂ ಗೊತ್ತಿತ್ತು.

ಭಾಮೈದ ಬಂದು ತನ್ನ ಕುರ್ಚಿಯಲ್ಲಲ್ಲ, ಅವನ ಪಕ್ಕದ ಕುರ್ಚಿಯಲ್ಲಿ, ಬಲಗಡೆ, ಕೂತ. ವ್ಯಾನಿನಲ್ಲಿ ಕೂತಿದ್ದ ಕಡೆಯೇ. ಇಬ್ಬರ ಎದುರಿಗೂ ಈಗ ಬರೀ ಮೇಜು, ನಕ್ಷೆ, ನಡುವೆ ಎರಡು ತೋರಿಸುತ್ತಿದ್ದ ದಾಳ.

"ಎಲ್ಲಿದ್ದ ಅಜ್ಜ?" ಎಂದ. "ಮೊದಲಿಂದ ಹೇಳಿ."

ಕತೆ ಹೇಳುವ ದನಿ ಬರುತ್ತದೇನೋ ಎಂದು ಹೆದರಿದ, ಬರಲಿಲ್ಲ. ಒಣಗಿದ, ಮೈದಾನದ ದನಿಯಲ್ಲೇ ಹೇಳಿದ. "ತಿರುವಿಗೆ ಮೊದಲು ಒಂದು ಕಂಬ ಇದೆ, ಎಡಕ್ಕೆ. ಅದಕ್ಕೆ ಒರಗಿ ನಿಂತಿದ್ದ. ಕಂದು ಅಂಗಿ. ಎದೆಗೆ ಅವಚಿಕೊಂಡ ಚೀಲ, ಒಂದು ಹಿಡಿಕೆ ಹರಿದಿತ್ತು. ಕೋಲಿರಲಿಲ್ಲ. ನೀನು ಹಾಲಿನ ಗಾಡಿ ನೋಡ್ತಿದ್ದೆ, ಬಲಗಡೆ ಕನ್ನಡಿಯಲ್ಲಿ. ನೋಡ್ಬೇಕಾದ್ದೇ ಅದು, ಆದ್ರೆ ಅಲ್ಲೇ ಉಳಿದುಬಿಟ್ಟೆ. ಅವನ ಎಡಗಾಲಿನ ಚಪ್ಪಲಿ ಕಳಚಿತ್ತು, ಅದನ್ನ ನೋಡ್ಕೊಂಡು ಕೆಳಗಿಳಿದ. ಮರೆ ಏನೂ ಇರಲಿಲ್ಲ. ಎದುರಿಗೇ ಇದ್ದ."

ಭಾಮೈದ ಕಣ್ಣು ಮುಚ್ಚಿಕೊಂಡಿದ್ದ. ಎರಡೂ ಕೈ ಮೇಜಿನ ಅಂಚನ್ನು ಸ್ಟೇರಿಂಗಿನಂತೆ ಹಿಡಿದಿದ್ದವು, ಹಿಡಿದದ್ದು ಅವನಿಗೆ ಗೊತ್ತಿರಲಾರದು. ರೆಪ್ಪೆಯ ಕೆಳಗೆ ಗುಡ್ಡೆಗಳು ಎಡಕ್ಕೆ ಸರಿದವು, ಬಲಕ್ಕೆ ಸರಿದವು, ಕಳೆದದ್ದನ್ನು ಹುಡುಕುವ ಹಾಗೆ. ಹೆಂಡತಿ ತಮ್ಮನ ತಲೆಯ ಮೇಲೆ ಕೈಯಿಡಲು ಬಂದವಳು ಇಡದೆ ನಿಂತಳು.

"ಇನ್ನೂ ಕಾಣ್ತಿಲ್ಲ ಭಾವ," ಎಂದ. "ಇನ್ನೊಂದ್ಸಲ ಹೇಳಿ."

ಅವನು ಮತ್ತೆ ಕಂಬದಿಂದ ಶುರುಮಾಡಿದ. ಮೇಜಿನಡಿಯಲ್ಲಿ ಬಲಗಾಲು ತಾನಾಗಿ ನೆಲ ಒತ್ತತೊಡಗಿತ್ತು. ಅವನು ಅದನ್ನು ಎತ್ತಿ ಹಿಡಿದ, ನೋಯುವ ತನಕ, ಎತ್ತಿಯೇ ಹಿಡಿದಿದ್ದ.